ಮೊಲ ಬದುಕಿದರೆ ಮಾತ್ರ...

“ಕಿವಿ ಹಿಡೀಬ್ಯಾಡ್ರೀ!”

ವಡಾಲ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಸಂಜೆಯ ನೂಕುನುಗ್ಗಲಿನಲ್ಲಿ, ಯಾರೋ ಗಂಡಸು ತನ್ನ ಮೇಲೆ ಕನ್ನಡದಲ್ಲಿ ಕೂಗಿದಾಗ ಚಂಪಾಳಿಗೆ ಬಂದದ್ದು ಸಿಟ್ಟು.

ಬರದೆ ಏನು? ಜೋಗೇಶ್ವರಿಯ ಮಾತ್ರೆ ಕಂಪನಿಯಲ್ಲಿ ದಿನವಿಡೀ ಡಬ್ಬಿ ತುಂಬಿ, ಲೋಕಲ್ ರೈಲು ಬದಲಿಸಿ, ಅರವತ್ತೊಂಬತ್ತನೇ ಇಸವಿಯ ಮೊದಲ ಮಳೆಯಲ್ಲಿ ತೊಯ್ದು ಬಂದವಳ ಕಾಲಿಗೆ ಏನೋ ಮೆತ್ತನೆಯದು ಬಂದು ಬಡಿದಿತ್ತು. ಬಗ್ಗಿ ನೋಡಿದರೆ ಬಿಳಿ ಮೊಲದ ಮರಿ! ಜನರ ಕಾಲಡಿ ಸಿಕ್ಕಿ ಸಾಯುತ್ತದೆಂದು ಅದರ ಎರಡೂ ಕಿವಿ ಹಿಡಿದು ಮೇಲೆತ್ತಿದ್ದಳು. ಮೊಲವನ್ನು ಎತ್ತುವುದೇ ಹಾಗೆ ಎಂದು ಎಲ್ಲರಂತೆ ಅವಳೂ ನಂಬಿದ್ದಳು.

ಹರಿದ ಕೈಚೀಲ ಹಿಡಿದ ಎತ್ತರದ ಯುವಕನೊಬ್ಬ ಓಡಿ ಬಂದು ಅವಳ ಕೈಯ ಕೆಳಗೆ ತನ್ನ ಕೈ ಇಟ್ಟ.

“ಹಿಂದಿನ ಕಾಲಿಗೆ ಆಸರೆ ಕೊಡ್ರಿ. ಕಿವಿ ಹಿಡದ್ರ ಅದಕ್ಕ ಭಾಳ ನೋವಾಗ್ತದ.”

ಚಂಪಾ ಕೈ ಬದಲಿಸಿದಳು. ಮರಿ ಅವಳ ಎದೆಗೆ ಒತ್ತಿಕೊಂಡು ಸುಮ್ಮನಾಯಿತು. ಜೋರಾಗಿ ಬಡಿದುಕೊಳ್ಳುತ್ತಿರುವುದು ಅದರ ಎದೆಯೋ ತನ್ನದೋ... ಅವಳಿಗೆ ತಿಳಿಯಲಿಲ್ಲ.

“ಅದಕ್ಕೆ ಹಾಗೆ ಕೂಗುವುದಾ? ನಾನೆಂತ ಕದ್ದದ್ದಾ?” ಎಂದಳು.

“ತಪ್ಪಾಯ್ತ್ರಿ,” ಎಂದ. ಅಂದ ರೀತಿಗೇ ಅವಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿಯಲು ಮನೆಯವರೆಗಿನ ದಾರಿ ಸಾಕಾಯಿತು, ಏಕೆಂದರೆ ಇಬ್ಬರೂ ಹೋಗಬೇಕಿದ್ದದ್ದು ಒಂದೇ ವಠಾರಕ್ಕೆ, ಒಂದೇ ಚಾಲ್‌ಗೆ.

ಅವನ ಹೆಸರು ಬಸವಂತರಾಯ. ಗುಲ್ಬರ್ಗ ಕಡೆಯವನು. ಪರೇಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದ ಅಕ್ಕ ಸುಂದ್ರವ್ವನ ಮನೆಗೆ, ಚಾಲ್‌ನ ಕೆಳಗಿನ ಖೋಲಿಗೆ, ಆಗಷ್ಟೇ ಬಂದು ಸೇರಿದ್ದ. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಅವಳೇ. ತೂಕ ಸಾಲದೆಂದು ಆಸ್ಪತ್ರೆಯವರು ಬೇಡವೆಂದ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ತಂದಿದ್ದನಂತೆ. ಆದರೆ ಅಕ್ಕ ಮನೆಯೊಳಗೆ ಬಿಟ್ಟುಕೊಳ್ಳುತ್ತಾಳೋ ಇಲ್ಲವೋ ಎಂಬ ಭಯ.

“ಆಸ್ಪತ್ರೆಯಲ್ಲಿ ಮೊಲ ಯಾಕೆ? ಕಾಯಿಲೆಯ ಮಕ್ಕಳಿಗೆ ಆಡ್ಲಿಕ್ಕಾ?” ಎಂದು ಚಂಪಾ ಕೇಳಿದಳು.

ಅವನು ಏನೋ ಹೇಳಲು ಬಾಯಿ ತೆರೆದ. ಮರಿಯ ತಲೆ ಸವರುತ್ತಿದ್ದ ಅವಳನ್ನು ನೋಡಿ ಬಾಯಿ ಮುಚ್ಚಿದ. ಆಮೇಲೆ, “ಹ್ಞೂಂ,” ಎಂದ.

ಆ ಒಂದು ‘ಹ್ಞೂಂ’ ಮುಂದೆ ಅವಳನ್ನು ಎಷ್ಟು ಅಳಿಸಿತು!

ಸುಂದ್ರವ್ವ ಬಾಗಿಲಲ್ಲೇ ಬೇಡ ಎಂದಳು. ಮರಿ ಎರಡನೇ ಮಾಳಿಗೆಯ ಚಂಪಾಳ ಮನೆ ಸೇರಿತು. ಅವಳ ತಂದೆ ರಾಮನಾಥ ಮಾಟುಂಗದ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಅವರ ಲೋಕ. ಮರಿಯನ್ನು ನೋಡಿ, “ಒಳ್ಳೆ ಅವಲಕ್ಕಿಯ ಹಾಗೆ ಬೆಳ್ಳಗೆ ಉಂಟಲ್ಲ,” ಎಂದರು. ಅದೇ ಹೆಸರಾಯಿತು. ಹೋಟೆಲಿನಿಂದ ಬರುವಾಗ ಕೋಸಿನ ಹೊರಗಿನ ಎಲೆ, ಕೊತ್ತಂಬರಿ ದಂಟು ತರುವುದು ಅವರ ಡ್ಯೂಟಿಯಾಯಿತು.

ಮೊಲ ಸಾಕುವುದು ಸುಲಭ, ಮೊಲದ ಬಗ್ಗೆ ತಿಳಿದವರನ್ನು ಸಂಭಾಳಿಸುವುದು ಕಷ್ಟ! ಇಡೀ ಚಾಲ್‌ಗೆ ಮೊಲದ ಬಗ್ಗೆ ಎಲ್ಲವೂ ಗೊತ್ತಿತ್ತು. ಅದರ ಕೂದಲು ಮೂಗಿಗೆ ಹೋದರೆ ದಮ್ಮು ಖಂಡಿತ ಎಂದರು ಒಬ್ಬರು. ದೀಪಾವಳಿಗೆ ಕೊಯ್ಯುತ್ತೀರೋ ಮೊದಲೋ ಎಂದು ಕೇಳಿದರು ಇನ್ನೊಬ್ಬರು. ಪಕ್ಕದ ಮನೆಯ ದೇವಕ್ಕನಿಗಂತೂ ನೀರಿನದೇ ಚಿಂತೆ. ಮೊಲ ನೀರು ಕುಡಿದರೆ ಸಾಯುತ್ತದೆ ಎಂದು ಅವಳ ದೃಢ ನಂಬಿಕೆ. ಬಸವಂತರಾಯ ಬಟ್ಟಲಲ್ಲಿ ನೀರಿಟ್ಟು ಕುಡಿಸಿ ತೋರಿಸಿದ. ಇವತ್ತು ಕುಡಿದಿದೆ, ನಾಳೆ ನೋಡಿ ಎಂದಳು ದೇವಕ್ಕ. ಮರುದಿನವೂ ಅದನ್ನೇ ಹೇಳಿದಳು.

ಚಂಪಾ ಎಲ್ಲರಿಗೂ ನಗುತ್ತಲೇ ಉತ್ತರ ಕೊಟ್ಟಳು. ನಗು ಬರುತ್ತಿತ್ತು ಕೂಡ. ಯಾಕೆಂದರೆ ದಿನವೂ ಸಂಜೆ ಬಸವಂತರಾಯ ಬಂದರಿನ ಕಡೆಯ ಬಯಲಿನಿಂದ ಎಳೆ ಹುಲ್ಲು ಕಿತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದ. ಬಾಗಿಲ ಮುಂದಿನ ಉದ್ದ ಗ್ಯಾಲರಿಯಲ್ಲಿ, ಎಲ್ಲರ ಕಣ್ಣೆದುರೇ, ಇಬ್ಬರ ನಡುವೆ ಅವಲಕ್ಕಿ ಕುಳಿತು ಹುಲ್ಲು ತಿನ್ನುತ್ತಿತ್ತು. ಅವನ ಅರ್ಧ ಮಾತು ಇವಳಿಗೆ ಅರ್ಥವಾಗುತ್ತಿರಲಿಲ್ಲ, ಇವಳ ‘ಎಂತ’ ಕೇಳಿದರೆ ಅವನಿಗೆ ನಗು. ಹುಲ್ಲಿನ ನೆಪ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ಊರು ಬೇರೆ, ಜಾತಿ ಬೇರೆ ಎಂದು ರಾಮನಾಥರು ಕೆಲವು ದಿನ ಯೋಚಿಸಿ, ಕೊನೆಗೆ ಹುಡುಗ ಒಳ್ಳೆಯವನು ಎಂದು ಸುಮ್ಮನಾದರು. ಸುಂದ್ರವ್ವನೂ ಕರಗಿದ್ದಳು. ಚೌತಿ ಕಳೆದ ಮೇಲೆ ತಾನೇ ಮೇಲೆ ಬಂದು ಹುಡುಗಿಗೆ ಕುಂಕುಮ ಹಚ್ಚುತ್ತೇನೆ ಎಂದು ಹೇಳಿದ್ದಳು.

ಚೌತಿಯೂ ಬಂತು. ಚಾಲ್‌ನ ಮಕ್ಕಳು ಪ್ರೀತಿಯಿಂದ ಅವಲಕ್ಕಿಗೆ ಲಾಡು ತಿನ್ನಿಸಿದರು. ಮರುದಿನ ಅದು ಹುಲ್ಲು ಮೂಸಲಿಲ್ಲ, ಒಂದು ಹಿಕ್ಕೆಯನ್ನೂ ಹಾಕಲಿಲ್ಲ. ಮೂಲೆಯಲ್ಲಿ ಮುದುಡಿ, ಹಲ್ಲು ಕಡಿಯುತ್ತ ಕುಳಿತುಬಿಟ್ಟಿತು.

ಅದೇ ಹೊತ್ತಿಗೆ ಚಂಪಾಳಿಗೂ ಮಳೆಯಲ್ಲಿ ನೆನೆದು ಜ್ವರ. ಬೆಳಿಗ್ಗೆ ಎದ್ದವಳು ಸಾರ್ವಜನಿಕ ಮೋರಿಯ ಬಳಿ ವಾಂತಿ ಮಾಡಿಕೊಂಡಳು. ದೇವಕ್ಕ ನೋಡಿದಳು.

ಆ ಮುಂಜಾನೆ ಕೆಳಗಿನ ನಳದ ಹತ್ತಿರ ಮೊಲದ ಕಾಯಿಲೆಯದೇ ಮಾತು. ಸುಂದ್ರವ್ವ ಕೊಡ ತೊಳೆಯುತ್ತ, ಕೆಟ್ಟ ಮನಸ್ಸಿಲ್ಲದೆಯೇ, ತನ್ನ ಆಸ್ಪತ್ರೆಯ ಸಂಗತಿಯೊಂದನ್ನು ಹೇಳಿದಳು.

“ನಮ್ಮ ದವಾಖಾನ್ಯಾಗ ಬಸುರು ಹೌದೋ ಅಲ್ಲೋ ನೋಡ್ಲಿಕ್ಕ ಹೆಂಗಸರ ಉಚ್ಚಿ ತಗೊಂಡು ಮೊಲಕ್ಕ ಸೂಜಿ ಮಾಡ್ತಾರ. ಹೊಟ್ಯಾಗ ಕೂಸಿದ್ರ ಮೊಲ ಸಾಯ್ತದಂತ.”

ದೇವಕ್ಕ ತಾನು ಮೋರಿಯ ಬಳಿ ಕಂಡದ್ದನ್ನು ಹೇಳಿದಳು. ಜೋಗೇಶ್ವರಿಯಿಂದ ಹುಡುಗಿ ಹೊತ್ತು ಮೀರಿ ಬರುವುದನ್ನು ಇನ್ಯಾರೋ ನೆನಪಿಸಿದರು. ಒಂದು ಮನೆಯಲ್ಲಿ ಮೊಲವಿದ್ದು ಅಲ್ಲಿಯ ಹೆಣ್ಣು ಬಸುರಾದರೆ ಸೂಜಿಯೇ ಬೇಡ, ಅವಳ ಗಾಳಿ ತಾಗಿದರೂ ಮೊಲ ಸಾಯುತ್ತದೆ ಎಂದು ಮಾತು ಅಲ್ಲಿಯೇ ಬೆಳೆದು ನಿಂತಿತು!

ಅಷ್ಟರಲ್ಲಿ ಬಸವಂತರಾಯ ನೀರಿಗೆ ಬಂದ. ಹೌದೇನಪ್ಪಾ, ಮೊಲ ಸಾಯುತ್ತದಾ ಎಂದು ಹೆಂಗಸರು ಅವನನ್ನೇ ಕೇಳಿದರು.

ಚಂಪಾ ಬಕೆಟ್ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಅವಳು ಕಾದಳು. ಈಗ ಇವರು ಎಲ್ಲರ ಬಾಯಿ ಮುಚ್ಚಿಸುತ್ತಾರೆ...

“ಸಾಯ್ತದ,” ಎಂದ ಬಸವಂತರಾಯ. ಮತ್ತೇನೋ ಹೇಳಹೊರಟವನು ತಲೆಯೆತ್ತಿ ಅವಳನ್ನು ಕಂಡ. ಅವನ ಮುಖ ಬಿಳಿಚಿಕೊಂಡಿತು. ಕೊಡ ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಹೊರಟುಹೋದ.

ಚಂಪಾಳ ಕೈಯಿಂದ ಬಕೆಟ್ ಜಾರಿತು. ಹಾಗಾದರೆ ಇವರೂ ನಂಬಿದರು!

ಅಂದು ಸಂಜೆ ಹುಲ್ಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಬಂದದ್ದು ದೇವಕ್ಕ, ಸುಂದ್ರವ್ವನ ತೀರ್ಮಾನ ಹೊತ್ತುಕೊಂಡು. ಸೋಮವಾರದ ತನಕ ನೋಡುವುದು. ಮೊಲ ಬದುಕಿದರೆ ಸುಂದ್ರವ್ವನೇ ಕುಂಕುಮ ತೆಗೆದುಕೊಂಡು ಮೇಲೆ ಬರುತ್ತಾಳೆ. ಸತ್ತರೆ ಬಸವಂತರಾಯ ಆ ಹುಡುಗಿಯ ಹೆಸರೆತ್ತಕೂಡದು.

‘ನನ್ನ ಬಾಳಿನ ಪಂಚಾಯಿತಿ ಒಂದು ಮೂಕಪ್ರಾಣಿಯ ಹೊಟ್ಟೆಯ ಮೇಲಾ?’ ಚಂಪಾಳಿಗೆ ಜೋರಾಗಿ ಕಿರುಚಬೇಕೆನಿಸಿತು. ಆದರೆ ಯಾರ ಎದುರು? ಗ್ಯಾಲರಿಗೆ ಬಂದರೆ ಎಲ್ಲರ ಕಣ್ಣು ಮೊದಲು ಮೊಲದ ಮೇಲೆ, ಆಮೇಲೆ ಅವಳ ಸೆರಗಿನ ಮೇಲೆ.

ತಂದೆ ಏನೂ ಕೇಳಲಿಲ್ಲ. ಊಟಕ್ಕೆ ಕುಳಿತಾಗ ಮಾತ್ರ, “ಮಗಾ... ನಾಳೆ ಒಮ್ಮೆ ಡಾಕ್ಟ್ರ ಹತ್ರ ಹೋಗಿ ಬರುವನಾ?” ಎಂದರು.

“ಯಾಕಪ್ಪ?”

“ನಿನ್ನ ಜ್ವರಕ್ಕೆ.”

ಜ್ವರಕ್ಕೇ ಇರಬಹುದು. ಆದರೆ ಹಾಗೆನ್ನುವಾಗ ಅವರು ಅವಳ ಮುಖ ನೋಡಲಿಲ್ಲ. ಅವಳು ತಟ್ಟೆ ಸರಿಸಿ ಎದ್ದಳು.

ಅವಲಕ್ಕಿಗೆ ಓಮದ ನೀರನ್ನು ಚಮಚದಲ್ಲಿ ಹನಿಹನಿಯಾಗಿ ಕುಡಿಸಿದಳು. ಬಟ್ಟೆ ಬೆಚ್ಚಗೆ ಮಾಡಿ ಹೊಟ್ಟೆಗಿಟ್ಟಳು. ಅದರ ಕಿವಿ ತಣ್ಣಗಾದಾಗಲೆಲ್ಲ ಅವಳ ಕೈಕಾಲೂ ತಣ್ಣಗಾಗುತ್ತಿತ್ತು. ಮೊದಲ ದಿನ ಇದಕ್ಕೆ ನೋವಾಗದಿರಲಿ ದೇವರೇ ಎಂದು ಬೇಡಿಕೊಂಡಿದ್ದಳು. ಈಗ ಬಾಯಿಗೆ ಬರುತ್ತಿದ್ದುದು ಬೇರೆ. ‘ಸೋಮವಾರದ ತನಕವಾದರೂ ಇರು ಮಾರಾಯ...’ ಹಾಗೆ ಬೇಡಿಕೊಂಡದ್ದು ತಾನೇ ಎಂದು ಅರಿವಾದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೊಲವನ್ನು ಎದೆಗವಚಿಕೊಂಡು ಅತ್ತಳು.

ಭಾನುವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಬಿಸಿಲಿಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತಂದೆ ಬಾಗಿಲಲ್ಲಿ ನಿಂತಿದ್ದರು. ಮೆಟ್ಟಿಲ ಮೇಲೆ ಪರಿಚಿತ ಹೆಜ್ಜೆ ಕೇಳಿತು. ಬಸವಂತರಾಯ! ಕೈಯಲ್ಲಿ ಹುಲ್ಲಿನ ಕಟ್ಟು, ಕಣ್ಣು ಕೆಂಪು. ಅವನ ಹಿಂದೆ ಅಕ್ಕ ಸುಂದ್ರವ್ವ ಬೇಡವೋ, ನಾಳೆ ತನಕ ತಡಿಯೋ ಎನ್ನುತ್ತ ಅರ್ಧ ಮೆಟ್ಟಿಲು ಹತ್ತಿ ನಿಂತಳು. ಎಲ್ಲ ಬಾಗಿಲುಗಳಲ್ಲೂ ಮುಖಗಳು ಮೂಡಿದವು.

ಚಂಪಾ ತಲೆಯೆತ್ತಲಿಲ್ಲ. “ಸೋಮವಾರ ಇನ್ನೂ ಆಗಲಿಲ್ಲ. ಇದು ಬದುಕಿದರೆ ನಾಳೆ ಬನ್ನಿ,” ಎಂದಳು.

ಅವನು ನೇರ ರಾಮನಾಥರ ಮುಂದೆ ಹೋಗಿ ನಿಂತ.

“ಕಾಕಾ, ನಿಮ್ಮ ಮಗಳನ್ನ ನನಗ ಕೊಡ್ತೀರೇನ್ರಿ? ಮೊಲ ಇನ್ನಾ ಮಲಗ್ಯದ. ಬದುಕ್ತದೋ ಇಲ್ಲೋ ನನಗೂ ಗೊತ್ತಿಲ್ಲ. ಅದಕ್ಕೇ ಈಗ ಕೇಳ್ಲತ್ತೀನಿ. ನಾಳೆ ಅದು ಎದ್ದು ಕುಂತ ಮ್ಯಾಲ ಕೇಳಿದ್ರ, ನಾ ಮೊಲದ ಮಾತು ನಂಬಿ ಬಂದಂಗಾಗ್ತದ. ಜೀವ ಇರೋ ತನಕ ನಿಮ್ಮ ಮಗಳಿಗೆ ಹಂಗೇ ಅನಸ್ತದ.”

ಚಂಪಾಳ ಕಣ್ಣು ತುಂಬಿ ಬಂತು, ಆದರೆ ಮನಸ್ಸು ಇನ್ನೂ ನೋಯುತ್ತಿತ್ತು.

“ಸಾಯ್ತದೆ ಅಂತ ಹೇಳಿದವರು ನೀವೇ ಅಲ್ವಾ? ನಾನು ಮೆಟ್ಟಿಲಲ್ಲಿ ಇದ್ದೆ.”

ಅವನು ಅವಳ ಎದುರು ನೆಲದ ಮೇಲೆ ಕುಳಿತ. ಕೈಯಲ್ಲಿದ್ದ ಹುಲ್ಲನ್ನೇ ನೋಡುತ್ತ ಹೇಳಿದ.

“ಎಲ್ಲಾ ಸಾಯ್ತಾವ್ರಿ. ಕೂಸಿದ್ರೂ ಸಾಯ್ತಾವ, ಇಲ್ದಿದ್ರೂ ಸಾಯ್ತಾವ. ಹೊಟ್ಟಿ ಕೊಯ್ದು ಒಳಗ ನೋಡೋದೇ ಆ ಪರೀಕ್ಷೆ. ಪಂಜರದಿಂದ ತಗದು, ಹಿಡಕೊಂಡು ಹೋಗಿ ಕೊಡೋನು ನಾನೇ. ಮಕ್ಕಳಿಗೆ ಆಡ್ಲಿಕ್ಕಾ ಅಂತ ನೀವು ಕೇಳಿದ್ರಿ. ನಾ ಹ್ಞೂಂ ಅಂದೆ. ಆವತ್ತ ನಳದ ಮುಂದ ಪೂರಾ ಹೇಳ್ಬೇಕಂತ ಬಾಯಿ ತಗದೆ. ನೀವು ಕಂಡ್ರಿ... ಈ ಕೈ ಏನು ಮಾಡ್ತದ ಅಂತ ನಿಮಗ ಗೊತ್ತಾದ್ರ, ಮತ್ತ ಇದನ್ನ ನನ್ನ ಕೈಗೆ ಕೊಡ್ತೀರೋ ಇಲ್ಲೋ ಅಂತ ಅಂಜಿ ಓಡಿದೆ. ನಿಮ್ಮ ಮ್ಯಾಲ ಸಂಶಯ ಒಂದಿನಾನೂ ಬರಲಿಲ್ಲ.”

ಚಂಪಾಳಿಗೆ ಈಗ ಅರ್ಥವಾಯಿತು. ಆ ದಿನ ಅವನ ಮುಖ ಬಿಳಿಚಿದ್ದು ಅವಳ ಮೇಲಿನ ಸಂಶಯಕ್ಕಲ್ಲ, ತನ್ನದೇ ಕೈಗಳ ನಾಚಿಕೆಗೆ!

“ಎಲ್ಲಾ ಸಾಯ್ತಾವೇನೋ?” ಮೆಟ್ಟಿಲಿನಿಂದ ಸುಂದ್ರವ್ವನ ದನಿ ಸಣ್ಣದಾಗಿ ಬಂತು. ವಾರ್ಡಿನಲ್ಲಿ ಅಷ್ಟು ವರ್ಷ ದುಡಿದರೂ ಅವಳು ಮಾತು ಕೇಳಿದ್ದಳೇ ಹೊರತು ಮೊಲಗಳನ್ನು ಕಂಡಿರಲಿಲ್ಲ.

“ಎಲ್ಲಾ, ಅಕ್ಕ.”

ಸುಂದ್ರವ್ವ ನಿಧಾನವಾಗಿ ಮೇಲೆ ಬಂದು, ಚಂಪಾಳ ಪಕ್ಕದಲ್ಲಿ ಕುಳಿತು, ಯಾರನ್ನೂ ಕೇಳದೆ ಅವಲಕ್ಕಿಯನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡಳು. ಹೊಟ್ಟೆಯುಬ್ಬರಿಸಿದ ಹಸುಗೂಸಿಗೆ ಮಾಡುವಂತೆ ಬೆಚ್ಚಗಿನ ಅಂಗೈಯಿಂದ ಅದರ ಹೊಟ್ಟೆಯನ್ನು ಮೆಲ್ಲಗೆ ತಿಕ್ಕತೊಡಗಿದಳು. ಕಣ್ಣು ಮೊಲದ ಮೇಲಿತ್ತು, ಮಾತು ಚಂಪಾಳಿಗೆ.

“ಜ್ವರ ಇಳೀತೇನು ತಂಗಿ? ಏನರೆ ಉಂಡಿಯಿಲ್ಲ?”

ಕ್ಷಮೆ ಕೇಳುವುದು ಸುಂದ್ರವ್ವನಿಗೆ ಬರುತ್ತಿರಲಿಲ್ಲ. ಇದೇ ಅದು ಎಂದು ಚಂಪಾಳಿಗೆ ತಿಳಿಯಿತು. ಅವಳು ಅಳುತ್ತ ತಲೆಯಾಡಿಸಿದಳು. ರಾಮನಾಥರು ಬಂದು ಮಗಳ ತಲೆಯ ಮೇಲೆ ಕೈಯಿಟ್ಟರು. ಈ ಸಲ ಅವಳ ಮುಖ ನೋಡಿದರು.

ಬಹಳ ಹೊತ್ತು ಯಾರೂ ಏಳಲಿಲ್ಲ. ಬಿಸಿಲು ಗ್ಯಾಲರಿಯ ಕಂಬ ದಾಟಿತು. ಇದ್ದಕ್ಕಿದ್ದಂತೆ ಸುಂದ್ರವ್ವ ಅಯ್ಯೋ ಎಂದಳು. ಅವಳ ಇಳಕಲ್ ಸೀರೆಯ ಮೇಲೆ ಸಣ್ಣ ಸಣ್ಣ ಹಿಕ್ಕೆಗಳು! ಅವಲಕ್ಕಿ ತಲೆಯೆತ್ತಿ, ಮೂಗು ಅಲುಗಿಸಿ, ಬಸವಂತರಾಯನ ಕೈಯ ಹುಲ್ಲಿನಿಂದ ಒಂದು ಎಸಳು ಎಳೆದುಕೊಂಡಿತು.

ಚಾಲ್‌ನಲ್ಲಿ ನಗು ಹೊಮ್ಮಿತು. ನೀರು ಕುಡಿಸಿದ್ದರಿಂದಲೇ ಗುಣವಾದದ್ದು, ತಾನು ಮೊದಲೇ ಹೇಳಿದ್ದೆ ಎಂದಳು ದೇವಕ್ಕ. ಸುಂದ್ರವ್ವ ಸೀರೆ ಝಾಡಿಸಿ ಕುಂಕುಮದ ಭರಣಿ ತರಲು ಕೆಳಗೆ ಹೋದಳು. ನನ್ನನ್ನು ಕೇಳಿದ್ದಾಯಿತು, ಅವಳನ್ನೂ ಒಮ್ಮೆ ಕೇಳಿ ಎಂದು ರಾಮನಾಥರು ಕಾಫಿ ಮಾಡಲು ಒಳಗೆ ಹೋದರು.

ಇಬ್ಬರೇ ಉಳಿದರು. ನಡುವೆ ಅವಲಕ್ಕಿ.

“ನಾಳೆ ಮತ್ತೆ ಆ ಕೆಲಸಕ್ಕೆ ಹೋಗ್ತೀರಾ?” ಚಂಪಾ ಮೆಲ್ಲಗೆ ಕೇಳಿದಳು.

“ವಾರ್ಡಿಗೆ ಹಾಕ್ರಿ ಅಂತ ಕೇಳೀನಿ. ಹಾಕೋ ತನಕ ಹೋಗಬೇಕಾಗ್ತದ. ಸುಳ್ಳು ಹೇಳಂಗಿಲ್ಲ ಇನ್ನ.”

ಅವಳು ಅವಲಕ್ಕಿಯನ್ನು ಎತ್ತಿ ಅವನ ಕಡೆಗೆ ಹಿಡಿದಳು. ಅವನ ಕೈಗಳು ಹಿಂಜರಿದವು. ಅವಳು ಬಿಡಲಿಲ್ಲ. ಮೊಲವನ್ನು ಅವನ ಅಂಗೈಗಳಲ್ಲಿಟ್ಟು, ಅವನ ಕೈಯ ಕೆಳಗೆ ತನ್ನ ಕೈ ಇಟ್ಟಳು.

“ಹಿಂದಿನ ಕಾಲಿಗೆ ಆಸರೆ ಕೊಡಿ,” ಎಂದಳು. “ಅಲ್ಲಿ ಏನು ಮಾಡಿ ಬಂದರೂ ಬಂದು ನನ್ನ ಹತ್ರ ಹೇಳಿ. ಹ್ಞೂಂ ಅಂತ ಮಾತ್ರ ಹೇಳಬೇಡಿ.”

ಅವನ ಕಣ್ಣಲ್ಲಿ ನೀರಿತ್ತು, ಆದರೂ ತುಟಿಯಲ್ಲಿ ನಗು ಮೂಡಿತು.

“ನಾ ಕೇಳಿದ್ದಕ್ಕ ನೀವಿನ್ನಾ ಏನೂ ಹೇಳ್ಲಿಲ್ಲ. ಅದಕ್ಕೂ ಹ್ಞೂಂ ಅನಬಾರದೇನ್ರಿ?”

ಚಂಪಾ ಅವನ ಮುಖವನ್ನೇ ನೋಡಿದಳು.

“ಹ್ಞೂಂ,” ಎಂದಳು.