ದೂರದ ಗುಡ್ಡದ ನೀಲಿ

“ನನ್ನ ಗುಡ್ಡಕ್ಕೆ ಈ ನೀಲಿ ಬಳಿದವರು ಯಾರು?”

ಕೋಣೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಎಂಟು ಮೇಜು, ಏಳು ಖಾಲಿ ಕುರ್ಚಿ, ಇನ್ನೂ ನಿದ್ದೆಯಿಂದೇಳದ ಏಳು ಸ್ಕ್ರೀನ್. ಎಂಟನೆಯದರಲ್ಲಿ ಅವಳು ಬರೆದ ಕಣಿವೆ. ಅದರ ಕೆಳಗೆ ನಿರ್ದೇಶಕಿ ಮೇಡಂ ಹಿಂದಿನ ಸಂಜೆ ಬರೆದು ಕಳಿಸಿದ್ದ ಸಾಲು: “ಸಿನಿಮಾದ ಮೊದಲ ದೃಶ್ಯ ಇದೇ. ದೂರದ ಆ ನೀಲಿ ಗುಡ್ಡಕ್ಕೇ ಮನಸೋತೆ.”

ಅವಳು ಆ ಗುಡ್ಡಕ್ಕೆ ನೀಲಿ ಬಳಿದಿರಲಿಲ್ಲ. ಕಂದು ಬಳಿದಿದ್ದಳು.

ಅದೊಂದು ಅನಿಮೇಷನ್ ಸ್ಟುಡಿಯೋ. ಕುಣಿಯುವ ಗೊಂಬೆಗಳನ್ನು ಬೇರೆಯವರು ಮಾಡುತ್ತಿದ್ದರು. ಗೊಂಬೆಗಳ ಹಿಂದಿನ ಕಾಡು, ಬೆಟ್ಟ, ಬಯಲು ಈ ಕೋಣೆಯವರ ಪಾಲು. ಕಣ್ಣೆದುರು ಇದ್ದದ್ದನ್ನು ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಕಣ್ಣು ಮುಚ್ಚಿದರೆ ಕೈ ಕಟ್ಟಿಹೋಗುತ್ತಿತ್ತು. ಅಂಥವಳು ಆರು ವಾರ, ಒಂದೇ ಒಂದು ಫೋಟೋ ನೋಡದೆ, ತನ್ನ ತಲೆಯೊಳಗಿಂದ ಎಳೆದು ತಂದ ಮೊದಲ ಚಿತ್ರ ಈ ಕಣಿವೆ.

ಕಟ್ಟಿದ ಕೈಯನ್ನು ಬಿಡಿಸಿದವನು ಪಕ್ಕದ ಮೇಜಿನವನು. ಯಾವ ಚಿತ್ರವನ್ನಾದರೂ ಮೊದಲು ಬರೀ ಬೂದುಬಣ್ಣದಲ್ಲೇ ಬರೆದು ನೋಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ‘ಬೂದಿ’. ಎಂಟು ತಿಂಗಳಿಂದ, ಉಳಿದವರು ಬರುವ ಮೊದಲಿನ ಅರ್ಧ ಗಂಟೆ ಇವರಿಬ್ಬರದು. ಮೊದಲು ಕಿಟಕಿಯಾಚೆ ನೋಡಿ ಬರೆಯಬೇಕು. ಆಮೇಲೆ ಕುರ್ಚಿ ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ, ಅದನ್ನೇ ನೆನಪಿನಿಂದ ಬರೆಯಬೇಕು. ಕೊನೆಗೆ ಅದೇ ಬೆಳಕನ್ನು ಹೊತ್ತುಕೊಂಡು ಎಲ್ಲೂ ಇಲ್ಲದ ಊರಿಗೆ ಹೋಗಬೇಕು.

ಕುರ್ಚಿ ತಿರುಗಿಸುವ ಗಳಿಗೆಯಲ್ಲಿ ಅವನ ನೋಟ ಅವಳ ನೋಟಕ್ಕೆ ತಾಗುತ್ತಿತ್ತು. ಬಿಸಿ ಪಾತ್ರೆ ಮುಟ್ಟಿದ ಬೆರಳಿನಂತೆ ಥಟ್ಟನೆ ಹಿಂದೆ ಸರಿಯುತ್ತಿತ್ತು. ಆ ಗಳಿಗೆಗೆ ತಾನು ಕಾಯುವುದಿಲ್ಲವೆಂದು ಅವಳು ದಿನವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅವಳ ಗೆರೆಯನ್ನು ಅವನು ಎಂದೂ ಮುಟ್ಟಿದವನಲ್ಲ. ಏನಾದರೂ ತೋರಿಸಬೇಕೆಂದರೆ ಚಿತ್ರದ ಮೇಲೆ ಗಾಜಿನ ಹಾಳೆಯಂಥ ಬೇರೆಯದೇ ಲೇಯರ್ ಹಾಸಿ, ಅದರಲ್ಲಿ ಬರೆದು ತೋರಿಸುತ್ತಿದ್ದ. ಲೇಯರ್ ಪಕ್ಕದಲ್ಲೊಂದು ಪುಟ್ಟ ಕಣ್ಣಿನ ಗುರುತು. ಅದನ್ನು ಮುಚ್ಚಿದರೆ ಅವನ ಬಣ್ಣವೆಲ್ಲ ಮಾಯ. ನಿನ್ನೆ ಅಕ್ಕನ ಹಲ್ಲು ಕೀಳಿಸಲೆಂದು ಅವಳು ಬೇಗ ಹೊರಟವಳು, “ನನ್ನ ಕಣಿವೇನ ನೀವೇ ಮೇಡಂಗೆ ಕಳಿಸಿಬಿಡಿ” ಎಂದು ಹೇಳಿಹೋಗಿದ್ದಳು.

ಬಾಗಿಲು ತೆರೆಯಿತು. ಎರಡು ಲೋಟ ಚಹಾ ಹಿಡಿದು ಅವನು ಬಂದ.

“ಬನ್ನಿ ಮಹಾನುಭಾವರೇ. ಈ ಗುಡ್ಡ ಯಾರದ್ದು, ಸ್ವಲ್ಪ ಹೇಳಿ.”

ಅವನು ಸ್ಕ್ರೀನ್ ನೋಡಿದ. ಮುಖದ ಕಳೆ ಇಳಿಯಿತು. “ಅಯ್ಯೋ... ಕಣ್ಣು ಮುಚ್ಚೋದು ಮರೆತೆ.”

“ಮರೆತದ್ದು ಆಮೇಲಿನ ಮಾತು. ಬರೆದದ್ದು ಯಾಕೆ? ನಾನು ಕೇಳಿದ್ನಾ? ತಿದ್ದಿಕೊಡಪ್ಪಾ ಅಂತ ನಿನ್ನ ಕಾಲು ಹಿಡಿದಿದ್ನಾ?”

ಎಂಟು ತಿಂಗಳು ಜೋಪಾನ ಮಾಡಿದ್ದ ‘ನೀವು’ ಒಂದೇ ಉಸಿರಿಗೆ ಉದುರಿಹೋಯಿತು. ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಹೆಕ್ಕಿಕೊಳ್ಳಲು ಇಬ್ಬರೂ ಬಗ್ಗಲಿಲ್ಲ.

“ಈಗಲೇ ಹೋಗಿ ಮೇಡಂಗೆ ಹೇಳ್ತೀನಿ.”

“ಹೇಳು, ಹೇಳು. ನೀನು ಪ್ರಾಮಾಣಿಕ ಅನ್ನಿಸ್ಕೋತೀಯ, ನಾನು ಕೈ ಹಿಡಿದು ಬರೆಸಿಕೊಂಡ ಮಗು ಅನ್ನಿಸ್ಕೋತೀನಿ. ಭಾಳ ಚೆನ್ನಾಗಿದೆ.”

“ಮತ್ತೇನ್ ಮಾಡ್ಲಿ?”

“ಏನೂ ಮಾಡ್ಬೇಡ. ಮಾಡಿದ್ದು ಸಾಕು. ಆ ಚಹಾನೂ ನೀನೇ ಕುಡಿ, ಎರಡೂ.”

ಅವನು ಎರಡೂ ಲೋಟಗಳನ್ನು ತನ್ನ ಮೇಜಿಗೇ ಒಯ್ದ. ಅದೂ ಅವಳಿಗೆ ಸಿಟ್ಟು ತರಿಸಿತು.

ಅವನ ಲೇಯರಿನ ಕಣ್ಣು ಮುಚ್ಚಿದಳು. ಅವಳ ಕಂದು ಗುಡ್ಡ ಸರತಿ ಸಾಲು ಮುರಿದು ನುಗ್ಗುವವರ ಹಾಗೆ ಮುಂದಕ್ಕೆ ಬಂದು ಕಣಿವೆಯ ಎದೆಯ ಮೇಲೆ ಕೂತಿತು. ಕಣ್ಣು ತೆರೆದಳು, ನೀಲಿ ಬಂತು, ಗುಡ್ಡ ಗಾವುದ ದೂರ ಸರಿಯಿತು, ಕಣಿವೆ ಉಸಿರಾಡಿತು. ತಪ್ಪು ತಿದ್ದಿದ್ದರೆ ಬೈದು ಮರೆಯಬಹುದಿತ್ತು. ಸರಿಯಾಗಿ ತಿದ್ದಿದವನನ್ನು ಕ್ಷಮಿಸುವುದಾದರೂ ಹೇಗೆ?

ತಾನೇ ಮೇಡಂ ಕೋಣೆಗೆ ಹೋದಳು. “ಆ ನೀಲಿ ನನ್ನದಲ್ಲ ಮೇಡಂ, ಬೂದಿಯದ್ದು. ಸಂಜೆ ಆರರ ತನಕ ಟೈಮ್ ಕೊಡಿ.”

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ನನಗೇನೋ ನೀಲಿ ಹಿಡಿಸಿದೆಯಮ್ಮ. ಅದಕ್ಕಿಂತ ಒಳ್ಳೇದು ತಂದ್ರೆ ತಗೋತೀನಿ. ಇಲ್ಲಾಂದ್ರೆ ಇದೇ ಹೋಗುತ್ತೆ, ಹೆಸರು ಇಬ್ಬರದ್ದೂ ಹಾಕ್ತೀನಿ.”

ಇಬ್ಬರದ್ದೂ! ತನ್ನ ಮೊದಲ ಊರಿಗೆ ಪಾಲುದಾರ!

ಮಧ್ಯಾಹ್ನದವರೆಗೆ ಹತ್ತು ಸಲ ಗುಡ್ಡ ಬಳಿದಳು, ಹತ್ತು ಸಲ ಅಳಿಸಿದಳು. ಹಸಿರು ಹಾಕಿದರೆ ಸುಳ್ಳು, ಬೂದು ಹಾಕಿದರೆ ಅವನು. ನಾಲ್ಕಕ್ಕೆ ಟ್ಯಾಬ್ಲೆಟ್ ಎತ್ತಿಕೊಂಡು ತಾರಸಿ ಹತ್ತಿದಳು. ಮನೆಗಳ ನೀರಿನ ತೊಟ್ಟಿಗಳಾಚೆ, ಊರು ಮುಗಿಯುವಲ್ಲಿ, ಒಂದು ಸಾಲು ಗುಡ್ಡ. ಕೂತು ನೋಡಿ ಬರೆಯತೊಡಗಿದಾಗ ಫೋನು ಬಂತು.

“ನಿನ್ನೆ ಹಲ್ಲು ಹೋಯ್ತು, ಮಾತು ಹೋಗಿಲ್ಲ,” ಎಂದಳು ಅಕ್ಕ, ಇನ್ನೂ ಬಾವು ಇಳಿಯದ ಬಾಯಿಯ ದನಿಯಲ್ಲಿ. “ಯಾಕೇ ಪುಟ್ಟಿ, ಹಾಗೆ ಬುಸುಗುಡ್ತಿದೀಯ?”

“ಆ ಬೂದಿ ನನ್ನ ಚಿತ್ರಕ್ಕೆ ಕೈ ಹಾಕ್ದ.”

“ಹಾಳು ಮಾಡಿದ್ನಾ?”

“ಇಲ್ಲ. ಚೆನ್ನಾಗಿ ಮಾಡ್ದ.”

“ಅಯ್ಯೋ ಪಾಪಿ!” ಅಕ್ಕ ನಕ್ಕಳು, ನೋವಿಗೆ ಚೀರಿದಳು. “ನಗಿಸ್ಬೇಡ್ವೇ. ಎಂಟು ತಿಂಗಳಿಂದ ತಟ್ಟೆ ಮುಂದೆ ಕೂತ್ರೆ ಸಾಕು, ಅವನದ್ದೇ ಪುರಾಣ. ಬೈಯೋಕಾದ್ರೂ ಬೇರೆ ಯಾರನ್ನಾದ್ರೂ ಹುಡುಕ್ಕೋ.”

ಫೋನಿಟ್ಟಳು. ಕಿವಿ ಕಾದಿತ್ತು. ತಲೆ ಎತ್ತಿದರೆ, ಸೂರ್ಯ ಗುಡ್ಡಗಳ ಕಡೆಗೇ ವಾಲಿದ್ದ. ಗುಡ್ಡಗಳಲ್ಲಿ ನೀಲಿ ಇರಲಿಲ್ಲ. ಕಂದೂ ಇರಲಿಲ್ಲ. ಬಿಸಿಲು ಧೂಳನ್ನು ಬಂಗಾರ ಮಾಡಿ ಗಾಳಿಗೆ ತೂರಿತ್ತು. ದೂರವೆಂಬುದು ಬೆಳಕಿನಲ್ಲೇ ಕರಗಿಹೋಗಿತ್ತು. ಅವಳ ಕಣಿವೆಯಲ್ಲೂ ಸೂರ್ಯ ಇದ್ದದ್ದು ಗುಡ್ಡದ ಹಿಂದೆಯೇ. ಅಲ್ಲಿಗೆ ನೀಲಿ ಸಲ್ಲದು.

“ಸಿಕ್ಕಿಬಿದ್ದೆ ನೀನು, ಬೂದಿ,” ಎಂದಳು ಹಲ್ಲು ಕಚ್ಚಿ.

ಕೆಳಗಿಳಿದು ಕುರ್ಚಿ ತಿರುಗಿಸಿ ಕಿಟಕಿಗೆ ಬೆನ್ನು ಹಾಕಿದಳು. ಅವನ ಲೇಯರ್ ತೆಗೆದೆಸೆಯುವ ಮೊದಲು ಅದನ್ನೊಮ್ಮೆ ಹಿಗ್ಗಿಸಿ ನೋಡಿದಳು, ಇನ್ನೆಲ್ಲಿ ಎಡವಿದ್ದಾನೆ ನೋಡೋಣವೆಂದು. ಗುಡ್ಡದ ಬುಡದ ಹಾದಿಯಲ್ಲಿ ಎಳ್ಳು ಕಾಳಿನಷ್ಟು ಎರಡು ಚುಕ್ಕಿ. ಮತ್ತೂ ಹಿಗ್ಗಿಸಿದಳು. ಇಬ್ಬರು ಮನುಷ್ಯರು. ಒಬ್ಬನು ಅಡಿಯಿಂದ ಮುಡಿಯವರೆಗೆ ಬೂದು. ಇನ್ನೊಬ್ಬಳು ತುರುಬಿಗೆ ಪೆನ್ನು ಸಿಕ್ಕಿಸಿಕೊಂಡವಳು.

ಅವಳ ಕೈ ತಾನಾಗಿ ತನ್ನ ತುರುಬಿಗೆ ಹೋಯಿತು. ಪೆನ್ನು ಅಲ್ಲೇ ಇತ್ತು.

ಮರುಗಳಿಗೆಗೇ ಸಿಟ್ಟು ಹೊತ್ತಿಕೊಂಡಿತು. ಬಾಯಲ್ಲಿ ಹೇಳಬೇಕಾದ್ದನ್ನು ಇನ್ನೊಬ್ಬರ ಕಣಿವೆಯಲ್ಲಿ ಬಚ್ಚಿಟ್ಟು ಹೋಗುವ ಗಂಡಸು! ಒಂದೇ ಏಟಿಗೆ ಲೇಯರ್ ಅಳಿಸಿದಳು. ನೀಲಿಯೂ ಹೋಯಿತು, ಇಬ್ಬರೂ ಹೋದರು. ಆಮೇಲೆ ತಲೆ ಎತ್ತದೆ ಬರೆದಳು. ಬೆನ್ನ ಹಿಂದಿನ ಬಿಸಿಲು ನೆನಪಿನಿಂದ ತೋಳಿಗೆ, ತೋಳಿನಿಂದ ಬೆರಳಿಗೆ ಹರಿಯಿತು.

ಆರಕ್ಕೆ ಮೇಡಂ ಬಹಳ ಹೊತ್ತು ನೋಡಿ, ಹಣೆಗೆ ಕೈ ಅಡ್ಡ ಹಿಡಿದರು. “ಬಿಸಿಲು ಕಣ್ಣಿಗೇ ಹೊಡೀತಿದೆಯಲ್ಲೇ! ಇದೇ ಹೋಗ್ಲಿ. ಹೆಸರು ನಿನ್ನದೊಂದೇ.”

ಅವಳು ಮರಳಿದಾಗ ಕೋಣೆ ಖಾಲಿಯಾಗಿತ್ತು. ಅವನೊಬ್ಬ ಬ್ಯಾಗಿಗೆ ಪುಸ್ತಕ, ಪೆನ್ನು, ತಂತಿ ತುಂಬುತ್ತಿದ್ದ.

“ಅಳಿಸಿದ್ದು ನೋಡ್ದೆ,” ಎಂದ.

“ನೋಡ್ಲಿ ಅಂತಾನೇ ಅಳಿಸಿದ್ದು. ಯಾರು ಆ ಇಬ್ಬರು?”

ಅವನು ತಂತಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. “ನಿನ್ನ ಕಣಿವೆ ತೆರೆದಾಗಲೆಲ್ಲ ಒಳಗೆ ಹೋಗಿಬಿಡಬೇಕು ಅನ್ನಿಸ್ತಿತ್ತು. ನಿನ್ನ ಜೊತೆ. ಬರೆದೆ. ಕಂದು ಗುಡ್ಡದ ಮುಂದೆ ಇಬ್ಬರೂ ಕಾಣ್ತಿರಲಿಲ್ಲ. ಕಾಣಲಿ ಅಂತ ಹಿಂದೆ ನೀಲಿ ಹಾಕ್ದೆ. ನಿನ್ನನ್ನ ತಿದ್ದೋಕಲ್ಲ.”

“ಬಾಯಿಲ್ವಾ ನಿನಗೆ?”

“ಇದೆ. ನಿನ್ನ ಮುಂದೆ ಕೆಲಸ ಮಾಡಲ್ಲ.”

ನಗು ಬಂತು. ಅವಳು ಅದನ್ನು ಕಚ್ಚಿ ಹಿಡಿದಳು. “ಸೂರ್ಯ ಹಿಂದಿದ್ರೆ ದೂರ ನೀಲಿ ಇರಲ್ಲ.”

“ಗೊತ್ತಾಯ್ತು. ಅಲ್ಲಿ ನನಗೆ ಜಾಗ ಇಲ್ಲ ಅಂತಲೂ ಗೊತ್ತಾಯ್ತು.” ಅವನು ಬ್ಯಾಗಿನ ಜಿಪ್ ಎಳೆದ. “ಕೆಳಗಿನ ಮಹಡೀಲಿ ಒಂದು ಮೇಜು ಖಾಲಿ ಇದೆ. ನಾಳೆಯಿಂದ ಅಲ್ಲಿ ಕೂತ್ಕೋತೀನಿ. ನೀನು ಒಪ್ಪಿದ್ರೆ ಸರಿ ಅಂದ್ರು ಮೇಡಂ. ಹೂಂ ಅಂದ್ಬಿಡು, ಹೋಗ್ತೀನಿ.”

“ಕೇಳಿಲ್ಲಿ. ನನ್ನ ಚಿತ್ರದಲ್ಲಿ ನಿನಗೆ ಜಾಗ ಇಲ್ಲ. ಇವತ್ತೂ ಇಲ್ಲ, ಮುಂದೇನೂ ಇಲ್ಲ. ಅಲ್ಲಿ ನಾನೊಬ್ಬಳೇ.” ಅವಳು ಅವನ ಮೇಜಿನ ಹತ್ತಿರ ಬಂದಳು. “ಚಿತ್ರದ ಮಾತು ಅಲ್ಲಿಗೆ ಮುಗೀತು.”

ಅವನ ಕೈಯಿಂದ ಬ್ಯಾಗ್ ಕಿತ್ತು, ಅವನ ಮೇಜಿನ ಮೇಲೇ ದಪ್ಪೆಂದು ಇಟ್ಟಳು. ಅವನು ಬ್ಯಾಗನ್ನು ನೋಡಿದ, ಅವಳನ್ನು ನೋಡಿದ. ಈ ಸಲ ನೋಟ ಹಿಂದೆ ಸರಿಯಲಿಲ್ಲ.

“ಹಾಗಾದ್ರೆ... ಕೆಳಗೆ ಹೋಗೋಕೆ ಹೂಂ ಅನ್ನಲ್ವೇನೇ?”

“ಅನ್ನಲ್ಲ.”