ಖಾನಾಪುರದ ಕೂಸಿಗೆ ಡಬ್ಬಿ ಹಾಲು

ಗೌರವ್ವ ಬೆಳಗಾವಿಯ ಆ ಔಷಧದ ಅಂಗಡಿ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಎದುರಿನ ಗಾಡಿಗೆ ದಾರಿ ಬಿಟ್ಟು ರೈಲು ದೇಸೂರಿನಲ್ಲಿ ನಿಂತರೆ ಇನ್ನೂ ತಡ. ಆದರೂ ಅಂಗಡಿಯ ಶ್ರೀಪಾಲ ಬಾಗಿಲು ತೆರೆದುಕೊಂಡೇ ಕೂತಿರುತ್ತಿದ್ದ. ಅವಳನ್ನು ಕಂಡೊಡನೆ ಸೋಯಾ ಪುಡಿಯ ಡಬ್ಬಿ ಕೆಳಗಿಳಿಸುತ್ತಿದ್ದ.

ಎಂಬತ್ತನೇ ಇಸವಿಯ ಆಚೀಚಿನ ಮಾತು. ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು, ಭಾವ ಬೇರೆ ಮದುವೆಯಾದ. ಕೂಸು ನಾಗಲಿಂಗ ಗಂಡನಿಲ್ಲದ ಗೌರವ್ವನ ಮಡಿಲಿಗೆ ಬಿತ್ತು. ಎಮ್ಮೆಯದಾಗಲಿ ಆಕಳದಾಗಲಿ, ಯಾವ ಹಾಲೂ ಅದಕ್ಕೆ ದಕ್ಕಲಿಲ್ಲ. ಕುಡಿದದ್ದೆಲ್ಲ ವಾಂತಿ, ಮೈಮೇಲೆ ಗಂದೆ. ಡಾಕ್ಟರು ಹಾಲು ನಿಲ್ಲಿಸಿ ಈ ಪುಡಿ ಬರೆದುಕೊಟ್ಟರು. ಪುಣೆಯಿಂದ ಅದನ್ನು ತರಿಸುವವನು ಶ್ರೀಪಾಲನೊಬ್ಬನೇ. ಬಾಜು ಮನೆಯ ಶಿವಬಸವ್ವ ಹೆಂಚಿನ ಕಾರ್ಖಾನೆಯಿಂದ ಬಂದ ಮೇಲೆ ಕೂಸನ್ನು ಅವಳಿಗೊಪ್ಪಿಸಿ ಗೌರವ್ವ ಗಾಡಿ ಹತ್ತಬೇಕು, ಕಡೆಯ ಬಸ್ಸಿಗೆ ತಿರುಗಿ ಹೋಗಬೇಕು.

ನೀರು ಸೋಸಿ ಕುದಿಸಿದಿರಾ, ಚಮಚ ಮಟ್ಟಸವಾಗಿತ್ತೇ ಎಂದು ಅವನು ಪ್ರತಿಸಲ ಕೇಳುತ್ತಿದ್ದ. ಕೂಸಿನ ಹೊರತು ಬೇರೆ ಮಾತಿಲ್ಲ. ಆದರೂ ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಆ ನೋಟವನ್ನೇ ಖಾನಾಪುರದವರೆಗೂ ನೆನೆಯುತ್ತಿದ್ದಳು. ಮನೆಯಲ್ಲಿ ಅವಳನ್ನು ನೋಡುವವರಾದರೂ ಯಾರಿದ್ದರು?

ಒಮ್ಮೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು. ಈಗಲೇ ಒಂದು ತಿನ್ನಿ ಎಂದಳು. ಅವನು ತಲೆ ತಗ್ಗಿಸಿ ಬೇಡವೆಂದ, ಗಂಟು ಬಿಚ್ಚಲೂ ಇಲ್ಲ. ಗಂಡ ಸತ್ತವಳ ಕೈಯ ತಿಂಡಿಯೆಂದು ದೂರವಿಟ್ಟನೆಂದುಕೊಂಡಳು. ಅಂಗಡಿಯ ಹೊರಗೆ ಹೂ ಮಾರುವ ಫಕೀರವ್ವನ ಎದುರು ಅಳು ತಡೆಯಲಾಗಲಿಲ್ಲ.

ಫಕೀರವ್ವ ನಕ್ಕಳು. "ಅಂವ ಜೈನರಾಂವ. ಹೊತ್ತು ಮುಳುಗಿದ ಮ್ಯಾಲ ಬಾಯಾಗ ಏನೂ ಹಾಕೂದಿಲ್ಲ. ಮನಿಗೆ ಹೋಗಿ ಉಂಡು ಬಾರಪಾ ಅಂದ್ರ, ಖಾನಾಪುರದವ್ರು ಬಾಗಲಾ ಹಾಕಿದ್ದು ನೋಡಿ ಹೊಳ್ಳಿ ಹೋದ್ರ ಹ್ಯಾಂಗ ಅಂತಾನ. ನಿನ್ನ ಕೂಸು ಉಣ್ಣಲಿ ಅಂತ ಅಂವ ಉಪಾಸ, ತಂಗಿ."

ಗೌರವ್ವನಿಗೆ ಅಂಗಡಿಯತ್ತ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಮಾವಿನ ಕಾಲ ಮುಗಿಯುವ ಹೊತ್ತಿಗೆ, ಡಾಕ್ಟರು ಹೇಳಿದಂತೆ ಕೂಸಿಗೆ ಸ್ವಲ್ಪಸ್ವಲ್ಪವೇ ಆಕಳ ಹಾಲು ಕೊಟ್ಟು ನೋಡಿದಳು. ದಕ್ಕಿತು. ಕೂಸನ್ನೆತ್ತಿ ಮುದ್ದಾಡಿದವಳು ಹಾಗೇ ಗೋಡೆಗೊರಗಿ ಕೂತುಬಿಟ್ಟಳು. ಇನ್ನು ಬೆಳಗಾವಿಗೆ ಹೋಗಲು ನೆಪವಿರಲಿಲ್ಲ.

ಆದರೂ ಮರುದಿನ ಮುಂಜಾನೆಯ ಗಾಡಿಗೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹೋದಳು. ಶ್ರೀಪಾಲ ಎಂದಿನಂತೆ ಡಬ್ಬಿಗೆ ಕೈಚಾಚಿದ.

"ಬ್ಯಾಡ್ರಿ. ಆಕಳ ಹಾಲು ದಕ್ಕಾಕತ್ತಾವ."

"ಛಲೋ ಆತ್ರಿ," ಎಂದ. ಚಾಚಿದ ಕೈ ಅಲ್ಲೇ ನಿಂತಿತ್ತು. "ಮತ್ತ ಯಾಕ ಬಂದ್ರಿ?"

"ಇನ್ನ ನಿಮ್ಮ ಉಪಾಸ ತಪ್ಪತೈತಿ ಅಂತ ಹೇಳಾಕ."

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಇನ್ನ ದಿನಾ ಹೊತ್ತಿಗೆ ಸರಿಯಾಗಿ ಒಬ್ಬನ ಕುಂತು ಉಣಬೇಕ್ರಿ. ಅದಕಿಂತ ಆ ಉಪಾಸನ ಛಲೋ ಇತ್ತು."

ಗೌರವ್ವ ಸೆರಗು ಸರಿಮಾಡಿಕೊಂಡಳು. "ಈ ಕೂಸಿನ್ನ ಬಿಟ್ಟು ನಾ ಎಲ್ಲಿಗೂ ಬರಾಂಗಿಲ್ಲ."

"ಬಿಟ್ಟು ಬರ್ರಿ ಅಂದವ್ರು ಯಾರು?"

ಶ್ರೀಪಾಲ ಎರಡೂ ಕೈ ನೀಡಿ ಕೂಸನ್ನು ಎತ್ತಿಕೊಂಡ. ಹೊಸ ಮುಖ ಕಂಡು ನಾಗಲಿಂಗ ಅಂಗಡಿಯ ಸೂರು ಹಾರಿಹೋಗುವಂತೆ ಅತ್ತ. ಅವನು ಕೆಳಗಿಳಿಸಲಿಲ್ಲ.