ಕೆಂಪು ಗೂಟ, ಹಳದಿ ಗೂಟ

ಇಳಿಜಾರಿನ ತುಂಬ ಕೆಂಪು ಬಟ್ಟೆ ಕಟ್ಟಿದ ಗೂಟಗಳು!

ನಿನ್ನೆ ನಾನು ಕೆಂಪು ಗೂಟ ಹೊಡೆಸಿದ್ದು ಮೇಲಿನ ಮೂಲೆಯಲ್ಲಿ ಮಾತ್ರ. ನನ್ನ ಸೋದರತ್ತೆ ಇರುವ ಗೃಹ ನಿರ್ಮಾಣ ಸಂಘಕ್ಕೆ ನಾನೇ ಮಾಡಿಕೊಟ್ಟ ಪ್ಲಾನ್ ಅದು. ಮೂವತ್ತು ಮನೆಗಳು ಆ ಮೂಲೆಯಲ್ಲೇ ಗೋಡೆಗೆ ಗೋಡೆ ತಾಗಿಕೊಂಡು ನಿಲ್ಲುತ್ತವೆ. ಕೆಳಗಿನ ಹುಲ್ಲು ಬಯಲು, ಒರತೆ, ಹಕ್ಕಿಗಳು ಎಲ್ಲ ಇದ್ದಂತೆಯೇ ಉಳಿಯುತ್ತವೆ. ಸಂಜೆ ಎಲ್ಲರೂ ಬಂದು, ತಮ್ಮ ತಮ್ಮ ಗೂಟಗಳ ನಡುವೆ ನಿಂತು ನೋಡಿ, ಕೈ ಎತ್ತಿ ಒಪ್ಪಬೇಕು. ಒಪ್ಪದಿದ್ದರೆ ಇಡೀ ಬಯಲು ಸೈಟುಗಳಾಗಿ ತುಂಡಾಗುತ್ತದೆ. ಈಗ ನೋಡಿದರೆ ಒರತೆಯ ಸುತ್ತಲೂ ನನ್ನದೇ ಬಣ್ಣದ ಗೂಟ. ಅಲ್ಲೂ ಮನೆ ಏಳುತ್ತದೆ ಅಂದುಕೊಂಡರೆ ಸಂಘದವರು ನನ್ನನ್ನು ನಂಬುವುದುಂಟೇ?

ಹುಲ್ಲಿನ ನಡುವೆ ಒಬ್ಬ ಮೊಣಕಾಲೂರಿ ಇನ್ನೊಂದು ಗೂಟ ನೆಡುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

“ಏನ್ರೀ, ಯಾರನ್ನ ಕೇಳಿ ಇಲ್ಲಿ ಗೂಟ ಹೊಡೀತಿದ್ದೀರಾ?”

ಅವನು ತಲೆ ಎತ್ತಲಿಲ್ಲ. “ಸ್ವಲ್ಪ ಮೆಲ್ಲಗೆ ಮಾತಾಡಿ. ಇಲ್ಲೊಬ್ಬರು ಮೊಟ್ಟೆ ಮೇಲೆ ಕೂತಿದ್ದಾರೆ.”

ಆ ದನಿ! ಆರು ತಿಂಗಳಿಂದ ಫೋನಿನಲ್ಲಿ ನನ್ನ ಜೊತೆ ಅಂಗುಲ ಅಂಗುಲಕ್ಕೂ ಜಗಳವಾಡಿದ ದನಿ. ಭೂಮಿ ಉಳಿಸುವ ಟ್ರಸ್ಟಿನವನು. ನಾನು ಮನೆಗಳನ್ನು ಎಷ್ಟು ಒತ್ತೊತ್ತಾಗಿ ಬರೆದರೂ ನೋಡಿ, “ಇನ್ನೂ ಸ್ವಲ್ಪ ಹತ್ತಿರ” ಎಂದು ಕಾಡುತ್ತಿದ್ದವನು. ಜಗಳ ಮುಗಿದ ಮೇಲೂ ಯಾಕೋ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಅವನನ್ನು ನಾನು ತಲೆ ನೆರೆತ ಮೇಷ್ಟ್ರಂತೆ ಕಲ್ಪಿಸಿಕೊಂಡಿದ್ದೆ. ಇಲ್ಲಿ ನೋಡಿದರೆ ದಟ್ಟ ಕಪ್ಪು ಕೂದಲು, ಅದರಲ್ಲಿ ಸಿಕ್ಕಿಕೊಂಡ ಒಂದು ಹುಲ್ಲುಕಡ್ಡಿ, ತಡೆದರೂ ತಡೆಯಲಾಗದ ತುಂಟ ನಗು.

“ಓ, ನೀವಾ?” ಎಂದೆ. ಸಿಟ್ಟು ಅರ್ಧ ಇಳಿದಿತ್ತು. ಉಳಿದರ್ಧವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. “ಕೆಂಪು ಅಂದ್ರೆ ಮನೆ ಮೂಲೆ ಕಣ್ರೀ!”

“ನಮ್ಮಲ್ಲಿ ಕೆಂಪು ಅಂದ್ರೆ ಮುಟ್ಬೇಡಿ ಅಂತ.”

“ಫೋನಲ್ಲಿ ಅಷ್ಟು ಮಾತಾಡಿದ್ವಿ, ಇದೊಂದು ಹೇಳೋಕಾಗ್ಲಿಲ್ವಾ?”

“ಹೇಳೋದು ಇನ್ನೂ ಏನೇನೋ ಬಾಕಿ ಇದೆ,” ಎಂದು ಅವನು ಮೊಣಕಾಲಿನ ಮಣ್ಣು ಕೊಡವಿದ. ನಾನು ಕೇಳಿಸದವಳಂತೆ ಒರತೆಯ ಕಡೆ ನೋಡಿದೆ.

ಸಭೆಗೆಂದೇ ಕೊಂಡ ಹಳದಿ ಶಾಲು ಹೆಗಲ ಮೇಲಿತ್ತು. ಎಳೆದು ಅವನ ಕೈಗೆ ಕೊಟ್ಟೆ.

“ಹರೀರಿ. ಮನೆಗಳಿಗೆಲ್ಲ ಕೆಂಪು ಬಿಚ್ಚಿ ಹಳದಿ ಕಟ್ಟೋಣ.”

“ಅಯ್ಯೋ, ಇದು ನಿಮಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ!”

“ಹೊಗಳಿಕೆ ಆಮೇಲೆ. ಮೊದಲು ಹರೀರಿ.”

ಅವನು ಗೂಟ ಹಿಡಿದ, ನಾನು ಕಟ್ಟಿದೆ. “ನಿಮ್ಮ ಗಂಟು ಗಾಳಿಗೆ ಬಿಚ್ಚಿಹೋಗುತ್ತೆ,” ಎಂದ. “ನಾನು ಹಾಕಿದ ಗಂಟು ಅಷ್ಟು ಸುಲಭಕ್ಕೆ ಬಿಚ್ಚಲ್ಲ,” ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಬೇಕೆಂದೇ ಗೂಟವನ್ನು ಇನ್ನಷ್ಟು ಹೊತ್ತು ಹಿಡಿದುಕೊಂಡಿದ್ದ.

ಸಂಜೆ ಜನ ಬಂದರು. ಎಲ್ಲರಿಗಿಂತ ಮುಂದೆ ಅತ್ತೆ. ಸಂಘದಲ್ಲಿ ಅವಳ ಮಾತೆಂದರೆ ಮಾತು. ಕೊನೆಯ ಸಾಲಿನ ತನ್ನ ಗೂಟಗಳ ನಡುವೆ ನಿಂತು ಒಂದು ಸುತ್ತು ತಿರುಗಿದಳು.

“ಇದೇನೇ ಇದು, ಮನೆಯೋ ಬೆಂಕಿಪೊಟ್ಟಣಾನೋ? ನನಗೆ ಅಂಗಳ ಬೇಕು, ಕಾಂಪೌಂಡ್ ಬೇಕು.”

ಹಿಂದೆ ನಿಂತವರೂ ಹೌದು ಹೌದು ಎಂದು ಗೊಣಗಿದರು. ನಾನು ಗಡಿಬಿಡಿಯಲ್ಲಿ ಪ್ಲಾನಿನ ಹಾಳೆ ಬಿಚ್ಚತೊಡಗಿದೆ.

“ಅತ್ತೆ,” ಎಂದು ಅವನೇ ಮುಂದೆ ಬಂದ. “ಒಂದು ನಿಮಿಷ ಬಾಗಿಲು ಬರೋ ಜಾಗದಲ್ಲಿ ನಿಂತ್ಕೊಳ್ಳಿ. ಹಾಂ, ಈಗ ಈ ಕಡೆ ತಿರುಗಿ.”

ಅವಳ ಎದುರಿಗೆ ಒಂದು ಗೋಡೆಯೂ ಬರುವುದಿರಲಿಲ್ಲ. ಹುಲ್ಲು ಗಾಳಿಗೆ ಬಾಗಿ ಏಳುತ್ತ ಒರತೆಯವರೆಗೂ, ಅದರಾಚೆಗೂ ಹರಡಿತ್ತು. ಕೆಳಗೆಲ್ಲೋ ಒಂದು ಹಕ್ಕಿ ಕೂಗುತ್ತ ಮೇಲೆದ್ದಿತು.

“ಕಣ್ಣು ಹಾಯೋವರೆಗೂ ನಿಮ್ಮದೇ ಅಂಗಳ. ಗುಡಿಸೋ ಕೆಲಸ ಮಾತ್ರ ಇಲ್ಲ.”

ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ನಾನು ನಿನಗೆ ಯಾವಾಗಪ್ಪಾ ಅತ್ತೆ ಆದೆ?” ಎಂದಳು. ಅವನು ತಬ್ಬಿಬ್ಬಾಗಿ ನಿಂತಿರುವಾಗಲೇ ಅವಳ ಕೈ ಮೇಲೆದ್ದಿತು. ಹಿಂದೆಯೇ ಮತ್ತೊಂದು, ಮತ್ತೊಂದು, ಕೊನೆಗೆ ಎಲ್ಲರ ಕೈ! ನಾನು ಮಗುವಿನಂತೆ ಕುಣಿದುಬಿಟ್ಟೆ. ಯಾವಾಗ ಅವನ ಕೈ ಹಿಡಿದೆನೋ ನನಗೇ ಗೊತ್ತಿಲ್ಲ.

ಜನ ಚದುರುವಾಗ ಅತ್ತೆಯ ಮನೆಯ ಪಕ್ಕ ನಾಲ್ಕು ಗೂಟ ಕಂಡವು. ನಾನು ಬರೆದವಲ್ಲ. ಪ್ರತಿ ಗೂಟಕ್ಕೂ ಕೆಂಪು, ಹಳದಿ ಎರಡೂ ಕಟ್ಟಿತ್ತು.

“ಇದ್ಯಾರ ಮನೆ?”

“ಪ್ಲಾನ್ ಪಾಸಾದ್ರೆ ಬಯಲು ನೋಡ್ಕೊಳ್ಳೋಕೆ ಇಲ್ಲೇ ಬಂದು ಇರಿ ಅಂತ ಸಂಘದವರು ನನ್ನನ್ನ ಕರೆದಿದ್ದಾರೆ. ಒಂದು ಮನೆ ಜಾಸ್ತಿ ಆಗುತ್ತೆ. ಪ್ಲಾನ್ ಮಾಡಿದವರು ಒಪ್ಪಬೇಕಂತೆ.”

“ಮತ್ತೆ ಎರಡು ಬಣ್ಣ ಯಾಕೆ? ಕಟ್ಟಬೇಕಾ, ಮುಟ್ಟಬಾರದಾ?”

ಅವನ ಕಿವಿಯ ತುದಿ ಕೆಂಪಾಯಿತು. “ನಾನೊಬ್ಬನೇ ಇರೋದಾದ್ರೆ ಮುಟ್ಟೋದೇ ಬೇಡ, ಗೂಟ ಕಿತ್ತುಬಿಡಿ. ನೀವೂ ಬರೋದಾದ್ರೆ ಕಟ್ಟೋಣ. ನಿಮ್ಮ ಜೊತೆ ಜಗಳ ಆಡದ ದಿನ ನನಗೆ ದಿನ ಅಂತಾನೇ ಅನ್ಸಲ್ಲ. ನಂಗೆ ನೀವು ಅಂದ್ರೆ ತುಂಬಾ ಇಷ್ಟ.”

ನಾನು ಬಾಗಿ ಹೊರಗಡೆಯ ಎರಡು ಗೂಟ ಕಿತ್ತೆ. ಅವನ ಮುಖ ಬಿಳಿಚಿಕೊಂಡಿತು. ಕಿತ್ತ ಗೂಟಗಳನ್ನು ಒಂದು ಹೆಜ್ಜೆ ಒಳಕ್ಕೆ ತಂದು ಊರಿದೆ.

“ಇಬ್ಬರಿಗೆ ಇಷ್ಟೊಂದು ಜಾಗ ಯಾಕ್ರೀ?” ಎಂದೆ. “ಇನ್ನೂ ಸ್ವಲ್ಪ ಹತ್ತಿರ.”

ಅವನು ಬಂದು ನನ್ನ ಪಕ್ಕದಲ್ಲೇ ಕುಳಿತ. ಮೇಲಿನಿಂದ ಅತ್ತೆಯ ದನಿ ಬಂತು: “ಪಕ್ಕದ ಗೋಡೆ ನಂದು ಕಣೇ! ಗೋಡೆಗೂ ಕಿವಿ ಇರುತ್ತೆ, ನೆನಪಿರಲಿ!”

ಗೂಟದ ಮೇಲೆ ಅವನ ಕೈ, ಅದರ ಮೇಲೆ ನನ್ನದು. ಇಬ್ಬರೂ ತೆಗೆಯಲಿಲ್ಲ.